ಸೀಟಿ ಊದುವವನ ಪಾಡು

ಲೋಕದಲ್ಲಿ ಅತಿ ಕಷ್ಟದ ಕೆಲಸ ವಿಶ್ವಕಪ್ ರೆಫರಿಯದಲ್ಲ. ಬದನವಾಳಿನಂಥ ಊರಲ್ಲಿ ಹುಡುಗರ ಫುಟ್‌ಬಾಲಿಗೆ ಸೀಟಿ ಊದುವವನದು. 1986ರಲ್ಲಿ ಮರಡೋನಾ ಕೈಯಿಂದ ಗೋಲು ಹೊಡೆದದ್ದು ಕಾಣದ ಟ್ಯುನೀಷಿಯಾದ ರೆಫರಿ, ಮೆಕ್ಸಿಕೋದಿಂದ ವಿಮಾನ ಹತ್ತಿ ಊರು ಸೇರಿಕೊಂಡರು. ನಮ್ಮವನೋ, ಗೋಲು ಕೊಡದ ಹುಡುಗನ ಅಪ್ಪನ ಅಂಗಡಿಯಲ್ಲೇ ಮರುದಿನ ಟೀ ಕುಡಿಯಬೇಕು. ರೆಫರಿಯ ತೀರ್ಮಾನವೇ ಅಂತಿಮ ಎಂದು ಐದನೆಯ ನಿಯಮವಿದೆಯಲ್ಲ ಎನ್ನಬಹುದು. ಇದೆ, ನಿಜ, ಗೆರೆಯಾಚೆ ನಿಂತ ಅಜ್ಜಿ ಅದನ್ನು ಓದಿಲ್ಲ. 2018ರಿಂದ ವಿಶ್ವಕಪ್ಪಿಗೆ ವಿಡಿಯೋ ನೆರವು ಬಂತಲ್ಲ ಎಂದರೆ, ಇಲ್ಲೂ ಉಂಟು: ಬೇಲಿ ಪಕ್ಕ ಇಪ್ಪತ್ತು ಮೊಬೈಲು, ಇಪ್ಪತ್ತೊಂದು ತೀರ್ಪು. ಇನ್ನು ಆಫ್‌ಸೈಡ್ ವಿವರಿಸುವುದಕ್ಕಿಂತ, ಖಾದಿಗೆ ಹೆಸರಾದ ಈ ಊರಲ್ಲಿ ಸಿಕ್ಕಾದ ನೂಲು ಬಿಡಿಸುವುದು ಸುಲಭ. ಆದ್ದರಿಂದ ರೆಫರಿಗೆ ಹಳದಿ ಕಾರ್ಡಿಗಿಂತ ಮೊದಲು ಬೇಕಾದದ್ದು, ಪಕ್ಕದೂರಿನವನಾಗಿರುವ ಅದೃಷ್ಟ.