ಕುಕ್ಕರ್ ಕೂಗುವ ಆಫೀಸು

ಮನೆಯಿಂದ ಕೆಲಸ ಮಾಡುವವರ ಏಕಾಗ್ರತೆ ಮೊದಲು ಕೆಡುವುದು ಊಟದ ಮೇಜಿನ ಮೇಲೆ. ಲ್ಯಾಪ್‌ಟಾಪಿನ ಒಂದು ಮಗ್ಗುಲಿಗೆ ಉಪ್ಪಿನಕಾಯಿ ಜಾಡಿ, ಇನ್ನೊಂದಕ್ಕೆ ಅರ್ಧ ಸೋಸಿದ ಮೆಂತ್ಯ ಸೊಪ್ಪು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಐಟಿ ಮಂದಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿತು. ಕುರ್ಚಿಗೂ ಅಡುಗೆಮನೆಗೂ ನಡುವಿನ ಸಂಚಾರ ಮಾತ್ರ ವಿಪರೀತವಾಯಿತು.

ಗಮನ ನಿಲ್ಲಿಸಲು ಹೆಸರಾದ ಉಪಾಯ ಪೊಮೊಡೊರೊ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಢಿಸಿದ್ದು: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಕನ್ನಡದ ಮನೆಗಳಿಗೆ ಟೈಮರ್ ಯಾಕೆ, ಕುಕ್ಕರ್ ಇದೆಯಲ್ಲ! “ಮೂರು ಕೂಗು ಆದ್ಮೇಲೆ ಆಫ್ ಮಾಡಪ್ಪಾ” ಎಂದು ಅಮ್ಮ ಸ್ನಾನಕ್ಕೆ ಹೋದರೆ ಮುಗಿಯಿತು. ಮ್ಯಾನೇಜರ್ ಹೇಳಿದ್ದೂ ತಲೆಗೆ ಹೋಗುವುದಿಲ್ಲ, ಕೂಗಿನ ಲೆಕ್ಕವೂ ಉಳಿಯುವುದಿಲ್ಲ.

ಬಾಗಿಲಿರುವ ಕೋಣೆ ಸಿಕ್ಕರೆ ಅರ್ಧ ಗೆದ್ದಂತೆ, ಒಳಗೆ ಮಲಗಿದ್ದಾನೆಂಬ ಸುದ್ದಿ ಪಕ್ಕದ ಮನೆಗೆ ಮುಟ್ಟಿದರೂ ಸರಿಯೇ. ಇಸ್ತ್ರಿ ಅಂಗಿಯಿಂದ ಒಂದಿಷ್ಟು ಶಿಸ್ತು ಬರುತ್ತದೆ. ಕ್ಯಾಮೆರಾಕ್ಕೆ ಕಾಣದ ಕಡೆ ಪಂಚೆಯೇ ಇರಲಿ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಫೋನನ್ನು ಬೇರೆ ಕೋಣೆಯಲ್ಲಿಡುವುದು, ಆಫೀಸಿನ ಲಾಗಿನ್ ಓಟಿಪಿ ಕೇಳುವವರೆಗೆ.