ಕೈರೋವಾಸಿ ಬಾಲಕರ ನಿದ್ರಾಮೀಮಾಂಸೆ

ಹತ್ತನೇ ತರಗತಿಯ ಮಕ್ಕಳು ಕರ್ನಾಟಕದಲ್ಲಿ ವಾಸಿಸುತ್ತಾರೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಜರಿ ಪುಸ್ತಕ, ರೇಷನ್ ಕಾರ್ಡು, ಆಧಾರ್ ಮೂರೂ ಅದನ್ನೇ ಸಾರುತ್ತವೆ. ಆದರೆ ಪ್ರಮಾಣಗಳನ್ನು ಶಾಸ್ತ್ರೋಕ್ತವಾಗಿ ಪರಿಶೀಲಿಸಿದರೆ, ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಅವರ ವಾಸ್ತವ್ಯ ಈಜಿಪ್ಟಿನ ಕೈರೋದಲ್ಲಿ ಎಂಬುದು ಸಿದ್ಧವಾಗುತ್ತದೆ. ಶಾಲೆಯಿರುವ ದಿನ ಹುಡುಗ ಹನ್ನೆರಡಕ್ಕೆ ಮಲಗಿ ಆರಕ್ಕೆ ಏಳುತ್ತಾನೆಂದಿಟ್ಟುಕೊಳ್ಳೋಣ. ಅವನ ನಿದ್ದೆಯ ನಡುಬಿಂದು ಮೂರು ಗಂಟೆ. ಶನಿವಾರ ರಾತ್ರಿ ಎರಡಕ್ಕೆ ಮಲಗಿ ಭಾನುವಾರ ಹನ್ನೊಂದಕ್ಕೆ ಎದ್ದರೆ ಆ ಬಿಂದು ಆರೂವರೆಗೆ ಸರಿಯಿತು. ವ್ಯತ್ಯಾಸ ಮೂರೂವರೆ ಗಂಟೆ. ನಮಗೂ ಚಳಿಗಾಲದ ಕೈರೋಗೂ ಇರುವ ಅಂತರ ಅಷ್ಟೇ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಮ್ಯೂನಿಕ್‌ನ ನಿದ್ರಾ ಸಂಶೋಧಕ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲೇ ಇಂಥ ಅಂತರಕ್ಕೆ ‘ಸಾಮಾಜಿಕ ಜೆಟ್ ಲ್ಯಾಗ್’ ಎಂದು ಹೆಸರಿಟ್ಟರು. ಊರು ಯಾವುದೆಂದು ಗುರುತಿಸುವ ಕೆಲಸವನ್ನು ಮಾತ್ರ ಕನ್ನಡಿಗರಿಗೆ ಉಳಿಸಿದರು.

ಸೋಮವಾರ ಆರಕ್ಕೆ ಫ್ಯಾನು ಆರಿಸಿ, ಹೊದಿಕೆ ಎಳೆದು ಎಬ್ಬಿಸುವಾಗ ಕೈರೋದಲ್ಲಿ ರಾತ್ರಿ ಎರಡೂವರೆ. ಆ ಹೊತ್ತಿನಲ್ಲಿ ಯಾರನ್ನೇ ಎಬ್ಬಿಸಿ ತ್ರಿಕೋನಮಿತಿ ಕೇಳಿದರೂ ಬರುವ ಉತ್ತರ ಒಂದೇ. ಶರೀರದ ಗಡಿಯಾರ ಒಂದು ರಾತ್ರಿಗೆ ಅಷ್ಟು ದೂರ ಸರಿಯದೆಂದು ಕಟ್ಟುನಿಟ್ಟಿನ ವಿದ್ವಾಂಸರು ತಕರಾರು ತೆಗೆಯಬಹುದು. ಒಪ್ಪಿದೆ. ಹಾಗಾದರೆ ಹುಡುಗ ಕೈರೋ ತಲುಪದೆ ಅರಬ್ಬಿ ಸಮುದ್ರದ ನಡುವೆ ಎಲ್ಲೋ ಇದ್ದಾನೆ ಎಂದಾಯಿತು. ಇದರಿಂದ ಪೋಷಕರಿಗೆ ಹೆಚ್ಚಿನ ಸಮಾಧಾನವೇನೂ ಇಲ್ಲ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಲೆಕ್ಕ. ವಾರದ ಆರು ರಾತ್ರಿ ಎರಡೆರಡು ಗಂಟೆ ಸಾಲ ಮಾಡಿದವನು ಭಾನುವಾರದ ಒಂಬತ್ತು ಗಂಟೆಯಲ್ಲಿ ಆ ದಿನದ ಖರ್ಚು ತೂಗಿಸಿ, ಸಾಲಕ್ಕೆ ಕಟ್ಟುವುದು ಹೆಚ್ಚೆಂದರೆ ಒಂದು ಗಂಟೆ. ಮೇಲಾಗಿ, ಹನ್ನೊಂದಕ್ಕೆ ಎದ್ದವನಿಗೆ ಆ ರಾತ್ರಿ ಬೇಗ ನಿದ್ದೆ ಹತ್ತದು. ಬಾಕಿ ಬೀಳುವುದು ನೆನಪು, ಏಕಾಗ್ರತೆ, ಮನಸ್ಸಿನ ಸ್ತಿಮಿತಗಳ ಖಾತೆಯಲ್ಲಿ. ಮನೆಯವರು ಅದನ್ನು ‘ಎದುರು ಮಾತು’ ಎಂಬ ಶೀರ್ಷಿಕೆಯಡಿ ಬರೆದುಕೊಳ್ಳುತ್ತಾರೆ. ಚಿಕ್ಕ ಮಕ್ಕಳಲ್ಲಿ ನಿದ್ದೆಗೆಟ್ಟ ಲಕ್ಷಣ ತೂಕಡಿಕೆಯಲ್ಲ, ಅನೇಕ ವೇಳೆ ಕುಣಿದಾಟ; ಹಾಗಾಗಿ ರಾತ್ರಿ ಹನ್ನೊಂದರ ಆರತಕ್ಷತೆಯಲ್ಲಿ ಸೋಫಾ ಹತ್ತಿ ಹಾರುವ ಮಗುವನ್ನು ‘ಎಷ್ಟು ಚೂಟಿ’ ಎಂದು ಹೊಗಳುವ ರೂಢಿ ಬಂದಿದೆ.

ಈಗ ಪೂರ್ವಪಕ್ಷ. ‘ಎಲ್ಲಕ್ಕೂ ಮೊಬೈಲೇ ಕಾರಣ’ ಎನ್ನುವವರ ಸಂಖ್ಯೆ ದೊಡ್ಡದು, ಮೊಬೈಲಿನಲ್ಲೇ ಹಾಗೆಂದು ಬರೆಯುವವರದು ಇನ್ನೂ ದೊಡ್ಡದು. ರಾತ್ರಿಯ ಬೆಳಕು ನಿದ್ದೆಯನ್ನು ಮುಂದೂಡುತ್ತದೆಂಬುದು ದಿಟ. ಆದರೆ ಅದು ಉರಿಯುವ ಒಲೆಗೆ ಸೌದೆ ಮಾತ್ರ. ಹದಿಹರೆಯದಲ್ಲಿ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವ ವೇಳೆಯೇ ಒಂದೆರಡು ಗಂಟೆ ತಡವಾಗುತ್ತದೆ. ಎಚ್ಚರವಿದ್ದಷ್ಟೂ ಏರಬೇಕಾದ ನಿದ್ದೆಯ ಒತ್ತಡವೂ ಚಿಕ್ಕಂದಿನಷ್ಟು ಬೇಗ ಏರುವುದಿಲ್ಲ. ನಿದ್ರಾ ಸಂಶೋಧಕಿ ಮೇರಿ ಕಾರ್ಸ್‌ಕಡನ್ ಇದನ್ನು ದಶಕಗಳ ಕಾಲ ಅಭ್ಯಸಿಸಿದರು. ಪ್ರಾಯಕ್ಕೆ ಬರುವ ಇಲಿಗಳಲ್ಲೂ ಇಂಥದೇ ತಡವನ್ನು ಕಂಡವರಿದ್ದಾರೆ. ಯಾವ ಇಲಿ ತನ್ನ ಮರಿಗೆ ಅನ್‌ಲಿಮಿಟೆಡ್ ಡೇಟಾ ಹಾಕಿಸಿಕೊಟ್ಟಿತೆಂಬುದನ್ನು ಪ್ರತಿವಾದಿಗಳೇ ತಿಳಿಸಬೇಕು.

ಎರಡನೆಯ ಆಕ್ಷೇಪ ಬ್ರಾಹ್ಮೀ ಮುಹೂರ್ತದ್ದು. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ನಡೆಯುವ ಈ ಪುಣ್ಯಕಾಲದಲ್ಲಿ ಓದಿದ್ದು ಮರೆಯದಂತೆ. ಇರಬಹುದು. ಆದರೆ ಆ ಹೊತ್ತಿಗೆ ಏಳುತ್ತಿದ್ದವರು ದೀಪದ ಎಣ್ಣೆ ಉಳಿಸಲು ಕತ್ತಲಾಗುತ್ತಲೇ ಮಲಗುತ್ತಿದ್ದರು; ಟ್ಯೂಷನ್ ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದು, ಉಂಡು, ಹೋಂವರ್ಕಿಗೆ ಕೂತವರಲ್ಲ. ಪರಂಪರೆಯೇ ಬೇಕೆಂದರೆ ಕುಂಭಕರ್ಣನನ್ನು ಏಕೆ ಬಿಡಬೇಕು? ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ: ಅಷ್ಟು ಶಿಸ್ತಿನ ವೇಳಾಪಟ್ಟಿ ಲಂಕೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಭೇರಿ ಬಡಿದು, ಆನೆಗಳನ್ನು ಮೈಮೇಲೆ ಓಡಾಡಿಸಿ ಅವನನ್ನು ಅವೇಳೆಯಲ್ಲಿ ಎಬ್ಬಿಸಿದ್ದು ಮನೆಯ ಹಿರಿಯ. ಪರಿಣಾಮ ಯುದ್ಧಕಾಂಡದಲ್ಲಿದೆ. ಈಜಿಪ್ಟಿನಿಂದಲೂ ಒಂದು ಪ್ರಮಾಣ ಸಿಗುತ್ತದೆ: ಸುಮಾರು ಹತ್ತೊಂಬತ್ತಕ್ಕೆ ಕಣ್ಣು ಮುಚ್ಚಿದ ದೊರೆ ಟುಟಂಖಾಮನ್‌ನನ್ನು ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಹಾಯಾಗಿ ಮಲಗಲು ಬಿಟ್ಟರು. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಸಮಾಧಿಯ ಬಾಗಿಲು ತೆರೆದಾಗಲೂ ಯಾರೂ ಅವನನ್ನು ಸೋಮಾರಿ ಎನ್ನಲಿಲ್ಲ.

ಕೊನೆಯ ಆಕ್ಷೇಪಕ್ಕೆ ತೂಕವಿದೆ: ಇದಕ್ಕೆಲ್ಲ ಪರಿಹಾರವೆಂದು ಶಾಲೆಯನ್ನು ತಡವಾಗಿ ಶುರುಮಾಡಿದರೆ ಮಕ್ಕಳು ಅಷ್ಟೇ ತಡವಾಗಿ ಮಲಗುತ್ತಾರೆ, ಲಾಭವೇನು? ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಯ ಗಂಟೆಯನ್ನು 7.50ರಿಂದ 8.45ಕ್ಕೆ ಸರಿಸಿತು. ಮಕ್ಕಳ ಕೈಗೆ ಗಡಿಯಾರ ಕಟ್ಟಿ ಅಳೆದಾಗ ನಿದ್ದೆ 34 ನಿಮಿಷ ಹೆಚ್ಚಿತ್ತು. ಬಿಡುಗಡೆಯಾದ 55 ನಿಮಿಷದಲ್ಲಿ ನುಂಗಿದ್ದು 21, ಅಂದರೆ ಶೇಕಡಾ 38. ನಮ್ಮ ರಾಜ್ಯದಲ್ಲಿ ಮನೆಮಾತಾಗಿದ್ದ ಶೇಕಡಾ 40ರ ಕಮಿಷನ್ ಆರೋಪದ ಮಾನದಂಡದಿಂದ ಅಳೆದರೆ ಈ ಮಕ್ಕಳು ಪ್ರಾಮಾಣಿಕರು. ಬೆಂಗಳೂರಿನಲ್ಲೂ 2023ರಲ್ಲಿ ಹೈಕೋರ್ಟಿನ ಸೂಚನೆಯಂತೆ ಶಾಲೆಯ ವೇಳೆ ಬದಲಿಸುವ ಚರ್ಚೆ ನಡೆಯಿತು. ಆದರೆ ಅಲ್ಲಿ ಬಂದ ಪ್ರಸ್ತಾಪ ಗಂಟೆಯನ್ನು ಇನ್ನೂ ಮುಂಚೆ ಬಾರಿಸುವುದಾಗಿತ್ತು. ಪರಿಹಾರ ಬೇಕಿದ್ದುದು ವಾಹನ ದಟ್ಟಣೆಗೆ. ಶಾಲೆಗಳೂ ಪೋಷಕರೂ ಒಪ್ಪದೆ ಅದು ಅಲ್ಲಿಗೇ ನಿಂತಿತು. ಹೀಗೆ ವಾಹನಗಳ ಸುಗಮ ಸಂಚಾರವನ್ನು ಕುರಿತು ಒಂದು ವಿಚಾರಣೆಯಾದರೂ ಆಗಿದೆ. ಪ್ರತಿ ಶನಿವಾರ ರಾತ್ರಿ ವೀಸಾ ಇಲ್ಲದೆ ಗಡಿ ದಾಟುವವರ ವಿಷಯ ಯಾವ ಇಲಾಖೆಗೆ ಸೇರುತ್ತದೆಂಬುದೇ ಇನ್ನೂ ತೀರ್ಮಾನವಾಗಬೇಕಿದೆ.