ನಿನ್ನೆಯ ತಾರೀಖು

ಮಾಗಡಿ ಎಂದ ಕೂಡಲೇ ಬೆಂಗಳೂರಿನವರು ಕೆಂಪೇಗೌಡರ ಮಾತು ತೆಗೆಯುತ್ತಾರೆ. ನಮ್ಮದು ಆ ಮಾಗಡಿಯಲ್ಲ. ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನ ಮಾಗಡಿ. ನಮ್ಮ ಹೆಸರು ನಾಲ್ಕು ಊರಿಗೆ ಗೊತ್ತಾಗಿದ್ದು ಕೆರೆಯಿಂದ. ಚಳಿ ಬಿದ್ದಿತೆಂದರೆ ಮಂಗೋಲಿಯಾ, ಟಿಬೆಟ್ಟಿನ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದು ಇಲ್ಲಿ ಇಳಿಯುತ್ತವೆ. ರಾತ್ರಿ ಹೊಲಗಳಲ್ಲಿ ಮೇಯುವುದು, ಹಗಲೆಲ್ಲ ನೀರಿನಲ್ಲಿ ತೂಕಡಿಸುವುದು. ನಿವೃತ್ತ ಮಾಸ್ತರನಾದ ನನಗೂ ಅವಕ್ಕೂ ದಿನಚರಿಯಲ್ಲಿ ಹೆಚ್ಚು ಫರಕಿಲ್ಲ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟವೂ ಸಿಕ್ಕಿತು. ಪರದೇಶದಿಂದ ಬಂದದ್ದೆಲ್ಲ ಮಾಗಡಿಗೆ ಒಗ್ಗುತ್ತದೆ ಎಂದು ಆ ಹಕ್ಕಿಗಳನ್ನು ನೋಡಿ ನಂಬಿದ್ದೆ, ಸ್ವಿಟ್ಜರ್‌ಲ್ಯಾಂಡಿನ ವಾಚೊಂದು ನನ್ನ ಮಣಿಕಟ್ಟಿಗೆ ಬರುವ ತನಕ.

ಕೊಟ್ಟವನು ದುಬೈಯಲ್ಲಿರುವ ಅಳಿಯ. ನಮ್ಮ ಕಾಲದಲ್ಲಿ ಮಾವ ಅಳಿಯನಿಗೆ ವಾಚು ಕಟ್ಟುತ್ತಿದ್ದ, ಅಳಿಯ ಅದು ಸಾಲದೆಂದು ಸೈಕಲ್ಲಿಗೂ ಮುನಿಸಿಕೊಳ್ಳುತ್ತಿದ್ದ. ನನಗೆ ಸಿಕ್ಕಿದ್ದು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆ ದೇಶದ ಎಷ್ಟು ಅಳಿಯಂದಿರನ್ನು ಸಮಾಧಾನಪಡಿಸಿತೋ ಲೆಕ್ಕವಿಲ್ಲ. ಜನತಾ ಸರಳ ಜೀವಿ. ಬೆಳಿಗ್ಗೆ ಎದ್ದು ಚಾವಿ ಕೊಟ್ಟರೆ ನಡೆಯುತ್ತದೆ, ಮರೆತರೆ ನಿಲ್ಲುತ್ತದೆ. ಉಗುರಿನಿಂದ ಚಾವಿ ಎಳೆದು ಮುಳ್ಳು ತಿರುವಿದರೆ ಮತ್ತೆ ಹೊರಡುತ್ತದೆ. ತಾರೀಖು ತೋರಿಸುವ ದೊಡ್ಡಸ್ತಿಕೆ ಅದಕ್ಕಿಲ್ಲ. ತಾರೀಖಿಗೆ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇರುವಾಗ ಕೈಮೇಲೆ ಯಾಕೆ?

ಅಳಿಯನ ವಾಚಿನ ಬೆನ್ನ ಮೇಲೆ 200 ಮೀಟರ್ ಎಂದು ಕೆತ್ತಿದೆ. ಅಷ್ಟು ಆಳದ ನೀರಿನ ಒತ್ತಡವನ್ನು ತಡೆಯುತ್ತದಂತೆ. ನಮ್ಮ ಕೆರೆ ಮಳೆ ಚೆನ್ನಾದ ವರ್ಷ ಎಮ್ಮೆಯ ಬೆನ್ನು ಮುಳುಗಿಸಿದರೆ ಹೆಚ್ಚು. ಆದರೂ ವಾಚು ತನ್ನ ಎಚ್ಚರ ತಪ್ಪುವುದಿಲ್ಲ. ಅದರ ಚಾವಿ ಎಳೆದರೆ ಬರುವಂಥದ್ದಲ್ಲ, ತಿರುಪಿನದು. ಕೇಸಿನಿಂದ ಹೊರಬಂದ ಸಣ್ಣ ಕೊಳವೆಗೆ ಥ್ರೆಡ್ ಇರುತ್ತದೆ. ಚಾವಿಯನ್ನು ಅದರ ಮೇಲೆ ತಿರುವಿ ಕೂರಿಸಿದರೆ ಒಳಗಿನ ರಬ್ಬರ್ ಬಳೆ ಅಮುಕಿಕೊಂಡು ನೀರಿಗೆ ದಾರಿ ಮುಚ್ಚುತ್ತದೆ. ಈ ಬಗೆಯ ಚಾವಿಗೆ 1925ರಲ್ಲಿ ಇಬ್ಬರು ಸ್ವಿಸ್ ಗಡಿಯಾರದವರು ಪೇಟೆಂಟ್ ಪಡೆದರು. ಅದನ್ನು ಕೊಂಡ ರೋಲೆಕ್ಸ್ ಮಾಲೀಕ ಹಾನ್ಸ್ ವಿಲ್ಸ್‌ಡಾರ್ಫ್, 1926ರಲ್ಲಿ ಆಯ್ಸ್ಟರ್ ಎಂಬ ವಾಚು ತಂದ. ಮರುವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೀಟ್ಸ್ ಎಂಬ ಹೆಣ್ಣುಮಗಳು ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಯ ಕೊರೆಯುವ ನೀರಿಗೆ ಇಳಿದಳು. ಹತ್ತು ತಾಸಿಗೂ ಮೇಲೆ ಈಜಿದರೂ ಆ ಸಲ ದಡ ಸಿಗಲಿಲ್ಲ, ಚಳಿಗೆ ಸೋತ ಅವಳನ್ನು ದೋಣಿಗೆ ಎತ್ತಿಕೊಂಡರು. ವಾಚು ಮಾತ್ರ ನಡೆದೇ ಇತ್ತು. ನವೆಂಬರಿನಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಮುಖಪುಟದ ತುಂಬ ಜಾಹೀರಾತು ಬಂತು. ಈಜಿದವಳು ಅವಳು, ಗೆದ್ದದ್ದು ಗಡಿಯಾರ!

"ಮಾಮಾರ, ನೀರು ಹೋಗಬಾರದು ಅಂದ್ರ ಚಾವಿ ಬಿಗೀರಿ" ಎಂದು ಅಳಿಯ ಹೇಳಿ ವಿಮಾನ ಹತ್ತಿದ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಯ ಗಂಟಿನಂತೆ ಬಿಗಿದೆ. ಬೇಸಿಗೆಯ ಬೆವರು, ನಮ್ಮ ಬೋರಿನ ಗಡಸು ನೀರು, ಎರೆಮಣ್ಣಿನ ಧೂಳು ಮೂರೂ ಸೇರಿ ಆ ಥ್ರೆಡ್ಡಿನೊಳಗೆ ಸಂಸಾರ ಹೂಡಿದವು. ಕೊಡಪಾನದ ತಳಕ್ಕೆ ಬಿಳೀ ಪೊರೆ ಹಿಡಿಸುವ ನೀರಿಗೆ ಸ್ವಿಸ್ ಉಕ್ಕು ಯಾವ ಲೆಕ್ಕ? ಚಾವಿ ಕಚ್ಚಿಕೊಂಡಿತು.

ಊರಲ್ಲಿ ಸಲಹೆಗೆ ಬರ ಬರುವುದಿಲ್ಲ. ಒಬ್ಬರು ಕೊಬ್ಬರಿ ಎಣ್ಣೆ ಎಂದರು, ಇನ್ನೊಬ್ಬರು ಚಿಮಣಿ ಎಣ್ಣೆ. ಪಂಪಸೆಟ್ ರಿಪೇರಿಯ ಹುಡುಗ ಇಕ್ಕಳ ಹಿಡಿದುಕೊಂಡೇ ಬಂದ. "ಕಾಕಾ, ಐದ್ ಇಂಚಿನ ಪೈಪ್ ಬಿಚ್ಚೀನಿ, ಇದೇನ್ ಮಹಾ!" ಅವನನ್ನು ಚಹಾ ಕುಡಿಸಿ ಕಳಿಸಿದೆ. ಕೊನೆಗೆ ಪೇಟೆಯ ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ರಬ್ಬರ್ ಕೈಗವಸು ಹಾಕಿಕೊಂಡು, ಚಾವಿಯನ್ನು ಮೊದಲು ಮೆಲ್ಲಗೆ ಒಳಕ್ಕೆ ಒತ್ತಿ, ಆಮೇಲೆ ಎಡಕ್ಕೆ ತಿರುವಿದರು. ಬಿಗಿದ ಥ್ರೆಡ್ಡಿನ ಮೇಲಿನ ಭಾರ ಹಾಗೆ ಇಳಿಯುತ್ತದಂತೆ. ಅದು ಜಪ್ಪಯ್ಯ ಅನ್ನಲಿಲ್ಲ. "ಮಾಸ್ತರ್ರ, ಇಕ್ಕಳ ಹಚ್ಚಿದ್ರ ಚಾವಿ ಕೈಯಾಗ ಬರತೈತಿ, ಕಡ್ಡಿ ಒಳಗ ಉಳೀತೈತಿ. ಎಣ್ಣಿ ಬಿಟ್ರ ಮಶೀನಿಗೆ ಇಳೀತೈತಿ. ಕೊಳವಿ, ಚಾವಿ ಎರಡೂ ಹೊಸಾವು ಹಾಕಬೇಕು. ಇಲ್ಲಿ ಸಿಗಂಗಿಲ್ರಿ." ದುಡ್ಡು ಮುಟ್ಟಲಿಲ್ಲ. ಅಂಥವರೂ ಇದ್ದಾರೆ.

ಅಂದಿನಿಂದ ವಾಚಿಗೆ ನಾನೇ ಆಳು. ಅದು ಆಟೋಮ್ಯಾಟಿಕ್. ಕೈ ಆಡಿದರೆ ಒಳಗಿನ ತೂಕದ ಬಿಲ್ಲೆ ತಿರುಗಿ ಸ್ಪ್ರಿಂಗ್ ಸುತ್ತುತ್ತದೆ, ಬಿಚ್ಚಿಟ್ಟರೆ ಎರಡು ದಿನದ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಂತರೆ ಮುಳ್ಳು ತಿರುವಲು ಚಾವಿ ಇಲ್ಲ. ಹಾಗಾಗಿ ಮಲಗುವಾಗಲೂ ಕೈಯಲ್ಲೇ. ಇಷ್ಟಾದರೂ ತಾರೀಖು ಕೈಕೊಡುತ್ತದೆ. ಈ ವಾಚಿಗೆ ಎಲ್ಲ ತಿಂಗಳಿಗೂ 31 ದಿನ. ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ ಒಂದೊಂದು ದಿನ, ಫೆಬ್ರುವರಿಯಲ್ಲಿ ಒಮ್ಮೆಲೇ ಮೂರು, ವರ್ಷಕ್ಕೆ ಏಳು ದಿನ ಹಿಂದೆ ಬೀಳುತ್ತದೆ. ಡಿಸೆಂಬರ್ ಒಂದರಂದು ನನ್ನ ಕೈಯಲ್ಲಿ ನವೆಂಬರ್ 31 ಇತ್ತು. ಕೆರೆಯ ದಂಡೆಯಲ್ಲಿ ದುರ್ಬೀನು ಹಿಡಿದ ಹುಡುಗನೊಬ್ಬ ನೋಟ್‌ಬುಕ್ ತೆರೆದು ವೇಳೆ, ತಾರೀಖು ಕೇಳಿದ. ವೇಳೆ ಹೇಳಿದೆ. ತಾರೀಖಿಗೆ ಕ್ಯಾಲೆಂಡರ್ ನೋಡಲು ಮನೆಗೆ ಹೋಗಬೇಕಪ್ಪಾ ಎಂದೆ. ಅವನು ವಾಚನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆ ಹೆಬ್ಬಾತುಗಳು ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಒಂದರ ಕಾಲಿಗೂ ವಾಚಿಲ್ಲ. ನವೆಂಬರಿಗೆ ಬರುತ್ತವೆ, ಬೇಸಿಗೆ ಕಾಲಿಡುವಾಗ ಹೋಗುತ್ತವೆ.

ಅಳಿಯ ಬಂದು ಒಯ್ಯುವ ತನಕ ನಾನೇ ಒಂದು ಉಪಾಯ ಹೂಡಿದ್ದೇನೆ. ವಾಚಿಗೆ ಒಂದು ತಿಂಗಳು ರಜೆ. ಬಿಚ್ಚಿಟ್ಟೆ. ಎಂಟನೇ ತಾರೀಖು ತೋರಿಸುತ್ತ ನಾಲ್ಕು ಇಪ್ಪತ್ತಕ್ಕೆ ನಿಂತಿತು. ಬರುವ ಜನವರಿ ಎಂಟಕ್ಕೆ ಸರಿಯಾಗಿ ನಾಲ್ಕು ಇಪ್ಪತ್ತಕ್ಕೆ ಎತ್ತಿ ಅಲುಗಾಡಿಸಿದರೆ ವೇಳೆಯೂ ಸರಿ, ತಾರೀಖೂ ಸರಿ. ಚಾವಿ ಮುಟ್ಟುವಂತೆಯೇ ಇಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿ ಮನೆಯವಳಿಗೆ ವಿವರಿಸಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು: "ನಿಂತಿದ್ದು ಮುಂಜಾನಿ ನಾಕ ಇಪ್ಪತ್ತೋ, ಸಂಜೀದೋ?"

ಅದನ್ನು ನೋಡಿಕೊಂಡವರು ಯಾರು? ತಪ್ಪಿದರೆ ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ತಾರೀಖು ಬದಲಾಗುತ್ತದೆ.

"ಮುಂಜಾನಿಗೇ ಎದ್ದು ಅಲಗಾಡಸ್ರಿ" ಎಂದಳು. "ತಪ್ಪಿದ್ರೂ ಹಾಲರ ತರಾಕ ಆಗತೈತಿ."